68ಕ್ಕೆ ನಿಂತ ಕೇಸಿಂಗ್, 118ಕ್ಕೆ ಕೂತ ರಬ್ಬರ್

ನಮ್ಮ ಬೋರು ಕೆಟ್ಟಿದ್ದು ಬರಗಾಲದಲ್ಲಿ ಅಲ್ಲ, ಮಳೆ ಚೆನ್ನಾಗಿ ಬಂದ ವರ್ಷ. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಎಲ್ಲರ ಹಾಗೆ ನಾನೂ ಹೋಗಿ ನೋಡಿ ಬಂದೆ. ಮರುದಿನ ಬೆಳಿಗ್ಗೆ ತೋಟದಲ್ಲಿ ಮೋಟರ್ ಹಾಕಿದರೆ ಪೈಪಿನಿಂದ ಟೀ ಬಣ್ಣದ ನೀರು. ಹೊಸ ನೀರು ಬಂದಿದೆ, ನಾಲ್ಕು ದಿನಕ್ಕೆ ತಿಳಿಯಾಗುತ್ತದೆ ಅಂದುಕೊಂಡೆ. ಆಗಲಿಲ್ಲ. ಡ್ರಿಪ್ ಫಿಲ್ಟರ್ ದಿನಕ್ಕೆ ಮೂರು ಸಲ ಕಟ್ಟಿಕೊಳ್ಳೋಕೆ ಶುರುವಾಯಿತು. ಸಂಕ್ರಾಂತಿ ಹೊತ್ತಿಗೆ ಮೋಟರ್ ನೀರು ಎತ್ತೋದೇ ಬಿಟ್ಟಿತು. ಮೇಲೆತ್ತಿ ಬಿಚ್ಚಿದರೆ ನೀರು ಎತ್ತುವ ಚಕ್ರಗಳು, ಅಂದರೆ ಇಂಪೆಲ್ಲರ್‌ಗಳೆಲ್ಲ ಸವೆದು ಬ್ಲೇಡಿನಷ್ಟು ತೆಳ್ಳಗಾಗಿದ್ದವು.

ನಾನು ಹೊಳಲ್ಕೆರೆ ಕಡೆಯವನು. ಎರಡೂವರೆ ಎಕರೆ ಅಡಿಕೆ ಇದೆ, ಜೊತೆಗೆ ಸುತ್ತಲ ಹಳ್ಳಿಗಳಲ್ಲಿ ಮೋಟರ್ ಎತ್ತುವ, ಇಳಿಸುವ ಕೆಲಸ. ಬೇರೆಯವರ ಬೋರಿನ ಕಾಯಿಲೆ ಹೇಳಿ ದುಡ್ಡು ತೆಗೆದುಕೊಳ್ಳುವವನಿಗೆ ಸ್ವಂತ ಬೋರಿನ ಕಾಯಿಲೆ ಗೊತ್ತಾಗಲಿಲ್ಲ ಅಂದರೆ ನಾಚಿಕೆ ಅಲ್ವಾ?

ಕಾಯಿಲೆ ಏನೂ ದೊಡ್ಡ ರಹಸ್ಯವಲ್ಲ. 2017ರಲ್ಲಿ ಕೊರೆಸುವಾಗ 68 ಅಡಿಗೆ ಕಲ್ಲು ಸಿಕ್ಕಿತು. "ಗಟ್ಟಿ ಬಂತು ಅಣ್ಣ, ಕೇಸಿಂಗ್ ಇಲ್ಲಿಗೆ ಸಾಕು" ಅಂದ ಲಾರಿಯವನು. ಕೇಸಿಂಗ್ ಅಂದರೆ ಮೇಲಿನ ಮಣ್ಣು ಜರಿಯದಂತೆ ಬೋರಿಗೆ ಇಳಿಸುವ ಪೈಪ್, ಅದಕ್ಕೆ ಅಡಿ ಲೆಕ್ಕದಲ್ಲಿ ದುಡ್ಡು. ನಾನೂ ಹೂಂ ಅಂದೆ. ಅದು ತಳದ ಬಂಡೆ ಆಗಿರಲಿಲ್ಲ, ನಡುವೆ ಸಿಕ್ಕಿಕೊಂಡ ಗುಂಡುಕಲ್ಲು. ನಮ್ಮದು ಚಿತ್ರದುರ್ಗದ ಶಿಸ್ಟ್ ಪಟ್ಟಿಯ ನೆಲ. ಕಲ್ಲು ಪದರ ಪದರ. ಮೇಲಿನ ಪದರಗಳು ಕೊಳೆತು ಮಣ್ಣಾಗಿರುತ್ತವೆ, ಅದರ ನಡುವೆ ಅಲ್ಲಲ್ಲಿ ಗಟ್ಟಿ ತುಂಡು ಉಳಿದಿರುತ್ತದೆ. ಐದು ವರ್ಷ ಅಂತರ್ಜಲ ತಳ ಸೇರಿದ್ದರಿಂದ ಆ ತಪ್ಪು ಮುಚ್ಚಿಹೋಗಿತ್ತು. 2022ರಲ್ಲಿ ನೀರು ಮೇಲಕ್ಕೆ ಏರಿತು. ಕೇಸಿಂಗ್ ಬುಡದ ಕೆಳಗಿನ ಮೆತ್ತನೆ ಪದರದಿಂದ ಜಿನುಗಿ, ಮಣ್ಣನ್ನೂ ಕರೆದುಕೊಂಡು ಒಳಗೆ ಇಳಿಯಿತು.

ಇಂಥದ್ದಕ್ಕೆ ನಮ್ಮ ಕಡೆ ಎರಡೇ ಮದ್ದು. ಹೊಸ ಬೋರು ಕೊರೆಸುವುದು. ಇಲ್ಲವೇ ಒಳಗೆ 5 ಇಂಚಿನ ಪಿವಿಸಿ ಕೇಸಿಂಗ್ ಇಳಿಸಿ, ಬುಡಕ್ಕೆ ಗೋಣಿಚೀಲ ಸುತ್ತಿ ದೇವರ ಮೇಲೆ ಭಾರ ಹಾಕುವುದು. ಗೋಣಿಚೀಲ ಒಂದು ವರ್ಷಕ್ಕೆ ಕೊಳೆಯುತ್ತದೆ. ಆಮೇಲೆ ಪೈಪಿನ ಹೊರಗಿನ ಸಂದಿನಲ್ಲಿ ಅದೇ ಕೆಸರು ಇಳಿದು ಪೈಪಿನ ಬಾಯಿ ಕೆಳಗೆ ಸೇರುತ್ತದೆ. ಪೈಪ್ ಹಾಕುವುದು ಕುಸಿತ ತಡೆಯುತ್ತದೆ, ನೀರನ್ನು ತಡೆಯಲ್ಲ. ನೀರು ತಡೆಯಬೇಕಾದರೆ ಪೈಪಿಗೂ ಕಲ್ಲಿನ ಗೋಡೆಗೂ ನಡುವೆ ಬಿರಡೆ ಬೇಕು. ಅದಕ್ಕೆ ಪ್ಯಾಕರ್ ಅಂತಾರೆ. ಎಣ್ಣೆ ಬಾವಿಗಳಲ್ಲಿ ಇದು ದಿನನಿತ್ಯದ ಸಾಮಾನು. ಕೆಲವು ಗಾಳಿ ತುಂಬಿದರೆ ಉಬ್ಬುತ್ತವೆ. ಕೆಲವಕ್ಕೆ ಎರಡು ತಟ್ಟೆ ನಡುವೆ ರಬ್ಬರ್ ಇಟ್ಟು ಬಿಗಿದರೆ ರಬ್ಬರ್ ಪಕ್ಕಕ್ಕೆ ಹೊರಡುತ್ತದೆ. ಎಲ್ಲಕ್ಕಿಂತ ಸರಳವಾದದ್ದು ಬೋರಿಗಿಂತ ಸ್ವಲ್ಪ ದೊಡ್ಡದಾದ ರಬ್ಬರ್ ತಟ್ಟೆಗಳನ್ನು ಪೈಪಿಗೆ ತೊಡಿಸಿ ಕೆಳಕ್ಕೆ ತಳ್ಳುವುದು. ಇಳಿಯುವಾಗ ಅಂಚು ಮೇಲಕ್ಕೆ ಮಡಚಿ ಬಟ್ಟಲಿನ ಹಾಗೆ ಆಗುತ್ತದೆ, ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಮೇಲಿನಿಂದ ನೀರು ಒತ್ತಿದಷ್ಟೂ ಬಟ್ಟಲು ಅರಳಿ ಇನ್ನೂ ಬಿಗಿಯಾಗುತ್ತದೆ. ಸೈಕಲ್ ಪಂಪಿನ ಚರ್ಮದ ವಾಷರ್ ನೆನಪಿದ್ದವರಿಗೆ ಬೇರೆ ವಿವರಣೆ ಬೇಡ.

ನಾನು ಮಾಡಿದ್ದು ಅದನ್ನೇ. ಬೋರಿನ ಅಗಲ ಆರೂವರೆ ಇಂಚು, ಅಂದರೆ 165 ಮಿಲಿಮೀಟರ್. 5 ಇಂಚಿನ ಕೇಸಿಂಗಿನ ಹೊರ ಅಳತೆ 140. ಸುತ್ತ ಉಳಿಯುವ ಸಂದು ಹನ್ನೆರಡೂವರೆ ಮಿಲಿಮೀಟರ್. ತಟ್ಟೆಗಳನ್ನು 180ಕ್ಕೆ ಕತ್ತರಿಸಿದೆ. ಮೊದಲು ದಾವಣಗೆರೆಯ ಗುಜರಿಯಲ್ಲಿ ಸಿಕ್ಕ ಹಳೆ ಕನ್ವೇಯರ್ ಬೆಲ್ಟ್ ತಂದಿದ್ದೆ. ಗಟ್ಟಿ ಮಾಲು ಅಂತ ಖುಷಿ. ಆದರೆ ಅದರೊಳಗೆ ಬಟ್ಟೆಯ ಪದರ ಇರುತ್ತದೆ, ಮಡಚುವುದೇ ಇಲ್ಲ. ವೆಲ್ಡಿಂಗ್ ಶಾಪಿನಲ್ಲಿ ಬಿದ್ದಿದ್ದ ಕಬ್ಬಿಣದ ಪೈಪ್ ತುಂಡಿನಲ್ಲಿ ತೂರಿಸಿ ನೋಡಿದಾಗಲೇ ಗೊತ್ತಾಯಿತು. ಮೂರು ಜನ ಒತ್ತಿದರೂ ಒಳಗೆ ಹೋಗಲಿಲ್ಲ. ಆಮೇಲೆ ಬಟ್ಟೆ ಇಲ್ಲದ 8 ಮಿಲಿಮೀಟರ್ ದಪ್ಪದ ರಬ್ಬರ್ ಶೀಟ್ ತಂದೆ. ಮೂರು ತಟ್ಟೆ, ಒಂದರಿಂದ ಒಂದಕ್ಕೆ ಮೂರು ಇಂಚು ದೂರ. ಪ್ರತಿ ತಟ್ಟೆಯ ಮೇಲೂ ಕೆಳಗೂ ಪಿವಿಸಿ ಬಳೆ, ಸಾಲ್ವೆಂಟ್ ಹಚ್ಚಿ ಚಿಕ್ಕ ಸ್ಕ್ರೂ ಹೊಡೆದದ್ದು. ಸ್ಕ್ರೂ ಉದ್ದ ಇದ್ದರೆ ಪೈಪಿನ ಒಳಗೆ ಮೊನೆ ಚಾಚುತ್ತದೆ, ಮುಂದೆ ಮೋಟರ್ ಇಳಿಸುವಾಗ ಕೇಬಲ್ ಸಿಪ್ಪೆ ಸುಲಿಯುತ್ತದೆ. ಇದೊಂದು ಮರೆಯಬೇಡಿ.

ಕೆಲಸಕ್ಕೆ 2023ರ ಏಪ್ರಿಲ್ ಆರಿಸಿಕೊಂಡೆ. ನೀರು ಆಗ 180 ಅಡಿಗೆ ಇಳಿದಿತ್ತು. ರಬ್ಬರ್ ಕೂರುವ ಜಾಗ ನೀರಿನಿಂದ ಮೇಲಿದ್ದರೆ ಕಣ್ಣಿಗೆ ಕಾಣುತ್ತದೆ, ಸಿಮೆಂಟೂ ನಿಲ್ಲುತ್ತದೆ. ಮೊದಲು ಕಂಪ್ರೆಸರ್ ತರಿಸಿ ಫ್ಲಶಿಂಗ್ ಮಾಡಿಸಿದೆ, ಅಂದರೆ ಗಾಳಿ ಊದಿ ಹೂಳು ಹೊರಹಾಕಿಸಿದೆ. 480 ಅಡಿ ಬೋರು ಹೂಳು ತುಂಬಿ 441ಕ್ಕೆ ಬಂದಿತ್ತು. ಆಮೇಲೆ ಬೋರಿನೊಳಗೆ ಕ್ಯಾಮೆರಾ ಇಳಿಸಿ ನೋಡಿದೆ.

ರಬ್ಬರ್ ಕತ್ತರಿಸುವುದು ಮಕ್ಕಳಾಟ. ಎಲ್ಲಿ ಕೂರಿಸಬೇಕು ಅನ್ನುವುದೇ ಇಡೀ ಕೆಲಸ. ಅದರಲ್ಲೇ ನಾನು ಎಡವಿದ್ದು.

ಕ್ಯಾಮೆರಾದಲ್ಲಿ 68 ಅಡಿಯ ಕೇಸಿಂಗ್ ಬುಡ ಕಂಡಿತು. ಅದರ ಕೆಳಗೆ ಒಂದು ಪಕ್ಕ ಮಣ್ಣು ಜರಿದು ಗುಹೆಯಂತಾಗಿತ್ತು. 90 ದಾಟಿದ ಮೇಲೆ ಗೋಡೆ ದುಂಡಗೆ, ನುಣ್ಣಗೆ ಕಾಣಿಸಿತು. 96ಕ್ಕೆ ಕೂರಿಸೋಣ ಅಂದೆ. ಮನೆಯವಳು ಬಂದು, "ಕರಿ ಪುಡಿ ಬಂದಿದ್ದು 105ಕ್ಕೆ ಅಂತ ಬರೆದಿದೆ ನೋಡಿ" ಅಂದಳು. ಬೋರು ಕೊರೆಯುವ ದಿನ ಎಷ್ಟನೇ ಅಡಿಗೆ ಯಾವ ಬಣ್ಣದ ಪುಡಿ ಬಂತು ಅಂತ ಕ್ಯಾಲೆಂಡರಿನ ಹಿಂದೆ ಬರೆದು, ಅದನ್ನು ಪಾಸ್‌ಬುಕ್ ಜೊತೆ ಎತ್ತಿಟ್ಟಿದ್ದಳು. 68ಕ್ಕೆ ಬೂದು, 74ಕ್ಕೆ ಮತ್ತೆ ಹಳದಿ, 105ರಿಂದ ಕಪ್ಪು. ನಾನು ಕೇಳಲಿಲ್ಲ. ಕಣ್ಣಿಗೆ ಕಾಣುತ್ತಿರುವಾಗ ಕ್ಯಾಲೆಂಡರ್ ಯಾಕೆ?

ಪೈಪುಗಳನ್ನು ಜೋಡಿಸುತ್ತಾ ಚೈನ್ ಪುಲ್ಲಿಯಲ್ಲಿ ಇಳಿಸಿದೆವು. ಕೇಸಿಂಗ್ ಬುಡದಲ್ಲಿ ರಬ್ಬರ್ ತಡೆಯಿತು. ಸೋಪಿನ ನೀರು ಸುರಿದು, ನಾನೂ ನನ್ನ ಅಳಿಯನೂ ಕ್ಲ್ಯಾಂಪಿನ ಮೇಲೆ ಹತ್ತಿ ನಿಂತ ಮೇಲೆ ಪುಸಕ್ಕನೆ ಇಳಿಯಿತು. 96ಕ್ಕೆ ನಿಲ್ಲಿಸಿ ಪರೀಕ್ಷೆ ಮಾಡಿದೆ. ಕೆಮ್ಮಣ್ಣು ಕದಡಿದ ನೀರನ್ನು ಎರಡು ಪೈಪಿನ ನಡುವಿನ ಸಂದಿಗೆ ಸುರಿಯುವುದು, ಒಳ ಪೈಪಿನಲ್ಲಿ ಕ್ಯಾಮೆರಾ ಬಿಟ್ಟು ರಬ್ಬರಿನ ಕೆಳಗೆ ಕಾಯುವುದು. ಹತ್ತು ನಿಮಿಷ ಆಗಿರಲಿಲ್ಲ, ಗೋಡೆ ಮೇಲೆ ಕೆಂಪು ಎಳೆ ಇಳಿಯಿತು. ಇನ್ನೊಂದು ಸ್ವಲ್ಪ ಹೊತ್ತಿಗೆ ಎಳೆ ಹೋಗಿ ಧಾರೆಯಾಯಿತು, ಜೊತೆಗೆ ಗೋಡೆಯ ಚೂರುಗಳೂ ಬಿದ್ದವು.

ಆಗ ಅರ್ಥವಾಯಿತು. ನುಣ್ಣಗೆ ಕಂಡದ್ದು ಕಲ್ಲಲ್ಲ, ಬಂಕೆ ಮಣ್ಣು. ಕೊರೆಯುವ ಬಿಟ್ ತಿರುಗುವಾಗ ಜೇಡಿಯನ್ನು ಗೋಡೆಗೆ ಸಾರಿಸಿದ ಹಾಗೆ ಬಳಿದಿರುತ್ತದೆ. ಅದು ಕ್ಯಾಮೆರಾಕ್ಕೆ ಕಲ್ಲಿಗಿಂತ ನುಣ್ಣಗೆ ಕಾಣುತ್ತದೆ! ನಿಜವಾದ ಕಲ್ಲಿನ ಗೋಡೆ ಅಷ್ಟು ಚಂದ ಇರುವುದಿಲ್ಲ. ಸಣ್ಣ ಗೆರೆ ಇರುತ್ತದೆ, ಬೆಳಕು ಬಿದ್ದ ಕಡೆ ಚುಕ್ಕಿ ಚುಕ್ಕಿ ಹೊಳೆಯುತ್ತದೆ.

ಅಲ್ಲಿಗೆ ಸುಮ್ನೆ ಎರಡು ಪೈಪ್ ಸೇರಿಸಿ ಇನ್ನೂ ಕೆಳಕ್ಕೆ ತಳ್ಳಬೇಕಿತ್ತು. ಅಳಿಯ "ಮಾವ, ಒಂದಡಿ ಮೇಲೆ ಎಳೆದು ನೋಡೋಣ" ಅಂದ, ನಾನೂ ತಲೆ ಓಡಿಸದೆ ಎಳೆಸಿದೆ. ಬಟ್ಟಲುಗಳು ಕೊಡೆ ಗಾಳಿಗೆ ತಿರುಗಿ ನಿಂತ ಹಾಗೆ ಉಲ್ಟಾ ಆದವು. ಇನ್ನು ಮುಚ್ಚುವ ಮಾತೇ ಇಲ್ಲ. ಪೂರ್ತಿ ಮೇಲೆತ್ತಿ ನೋಡಿದರೆ ಮೂರರಲ್ಲಿ ಎರಡು ಹರಿದಿದ್ದವು. ಈ ಸಾಮಾನಿಗೆ ಹೋಗುವ ದಾರಿ ಮಾತ್ರ ಇದೆ, ಬರುವ ದಾರಿ ಇಲ್ಲ. ಒಂದೇ ಸಮಾಧಾನ ಅಂದರೆ ಸಿಮೆಂಟ್ ಸುರಿಯುವ ಮುಂಚೆ ಪರೀಕ್ಷೆ ಮಾಡಿದ್ದು. ಸುರಿದಿದ್ದರೆ ಬೋರೂ ಹೋಗುತ್ತಿತ್ತು, ಪೈಪೂ ಹೋಗುತ್ತಿತ್ತು.

ಎರಡನೇ ಸಲ ಕ್ಯಾಲೆಂಡರ್ ಕೈಯಲ್ಲಿ ಹಿಡಿದುಕೊಂಡೇ ಕ್ಯಾಮೆರಾ ನೋಡಿದೆ. 109ರಿಂದ ಕೆಳಗೆ ಬಿರುಕಿಲ್ಲದ ಕಪ್ಪು ಕಲ್ಲು, 125ರವರೆಗೂ ಹಾಗೇ ಇತ್ತು. 118ಕ್ಕೆ ಕೂರಿಸಿದೆ. ಮೇಲೂ ಕೆಳಗೂ ಐದಾರು ಅಡಿ ಒಳ್ಳೆ ಕಲ್ಲು ಇರಲಿ ಅನ್ನುವುದು ಈಗ ನನ್ನ ನಿಯಮ. ಅರ್ಧ ಗಂಟೆ ಕಾದರೂ ಕೆಂಪು ಇಳಿಯಲಿಲ್ಲ. ಆಮೇಲೆ ಒಂದು ಕಡೆ ಒಂದಿಷ್ಟು ಒದ್ದೆ ಕಂಡಿತು, ಅಷ್ಟೇ.

ರಬ್ಬರನ್ನೇ ನಂಬಿ ಬಿಡಬಾರದು. ಅದರ ಕೆಲಸ ಮೇಲೆ ಹಾಕುವ ಸಿಮೆಂಟನ್ನು ಹಿಡಿದು ನಿಲ್ಲಿಸುವುದು. ಸಿಮೆಂಟ್ ಕೆಳಕ್ಕೆ ಬಿಡಲು ಪೈಪ್ ಇಳಿಸುವಾಗಲೇ ಅದರ ಹೊರಮೈಗೆ ಡ್ರಿಪ್ಪಿನ 12 ಎಂಎಂ ಸಣ್ಣ ಪೈಪ್, ಅಂದರೆ ಲ್ಯಾಟರಲ್ ಎರಡನ್ನು ಟೇಪಿನಿಂದ ಕಟ್ಟಿದ್ದೆ. ಒಂದರ ಬಾಯಿ ಮೇಲಿನ ರಬ್ಬರಿನಿಂದ 4 ಅಡಿ ಎತ್ತರದಲ್ಲಿ, ಇನ್ನೊಂದರದ್ದು 15 ಅಡಿ ಎತ್ತರದಲ್ಲಿ. ಒಂದೇ ಸಾಲದಾ ಅಂದರೆ, ಮೊದಲ ದಿನದ ಸಿಮೆಂಟಿನಲ್ಲಿ ಅದರ ಬಾಯಿ ಹೂತುಹೋಗುತ್ತದೆ. ಮೊದಲು ಬೆಂಟೊನೈಟ್ ಪುಡಿ ಕದಡಿ ಬಿಟ್ಟೆ. ಕರೆಂಟಿನ ಅರ್ತಿಂಗ್ ಗುಂಡಿಗೆ ಹಾಕುತ್ತಾರಲ್ಲ, ಅದೇ. ನೀರು ಕುಡಿದು ಉಬ್ಬುವ ಮಣ್ಣು, ಸಣ್ಣ ಸಂದಿಗೆ ಚೆನ್ನಾಗಿ ಕೂರುತ್ತದೆ. ಅದರ ಮೇಲೆ ಸಿಮೆಂಟ್ ಹಾಲು, ಹಳೆ ಸೊಳ್ಳೆಪರದೆಯಲ್ಲಿ ಸೋಸಿದ್ದು. ಸೋಸದಿದ್ದರೆ ಲ್ಯಾಟರಲ್ ಕಟ್ಟಿಕೊಳ್ಳುವುದು ಗ್ಯಾರಂಟಿ. ಒಂದು ಮೂಟೆ ಸಿಮೆಂಟಿಗೆ 25 ಲೀಟರ್ ನೀರು. ಈ ಸಂದಿನಲ್ಲಿ 10 ಅಡಿ ತುಂಬಲು ಲೆಕ್ಕದ ಪ್ರಕಾರ ಸುಮಾರು 18 ಲೀಟರ್ ಸಾಕು. ಎರಡನೇ ದಿನ ಜರಿದ ಪದರದ ಹತ್ತಿರ ಬಂದಾಗ ಅದರ ಎರಡು ಪಟ್ಟು ಕುಡಿಯಿತು.

ಒಂದೇ ದಿನ ಸುರಿದು ಮುಗಿಸುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಸಿಮೆಂಟ್ ಹಾಲು ನೀರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಭಾರ. ಜಾಸ್ತಿ ಎತ್ತರ ನಿಲ್ಲಿಸಿದರೆ ರಬ್ಬರ್ ಜಾರಬಹುದು, ಪಿವಿಸಿ ಒಳಕ್ಕೆ ಅಮುಕಿಕೊಳ್ಳಬಹುದು. ಪೈಪ್ ಹಗುರವಾದ್ದರಿಂದ ಮೇಲಕ್ಕೂ ಏಳುತ್ತದೆ. ಅದಕ್ಕೇ ಮೇಲ್ಗಡೆ ಕ್ಲ್ಯಾಂಪ್ ಹಾಕಿ ಹೊರ ಕೇಸಿಂಗಿಗೆ ಬಿಗಿದಿದ್ದೆ. ಒಂದು ವಾರ ಯಾರೂ ಮುಟ್ಟಬಾರದು ಅಂತ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡಿದೆ.

ಕಳೆದುಕೊಂಡದ್ದೂ ಇದೆ, ಮುಚ್ಚಿಡುವುದಿಲ್ಲ. 5 ಇಂಚಿನ ಪೈಪಿನೊಳಗೆ ಹಳೆಯ ವಿ6, ಅಂದರೆ 6 ಇಂಚಿನ ಬೋರಿಗೆ ಮಾಡಿದ ಮೋಟರ್ ಹೋಗುವುದಿಲ್ಲ. ಸಿಕ್ಕ ರೇಟಿಗೆ ಮಾರಿ ಅದಕ್ಕಿಂತ ಸಣ್ಣದಾದ ವಿ4 ತಂದೆ. ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಅದೇ. ಎರಡು ಇಂಚು ಬರುತ್ತಿದ್ದ ನೀರು ಒಂದೂವರೆಗೆ ಇಳಿಯಿತು. ಮೇಲಿನ ನೀರಿಗೆ ಬಾಗಿಲು ಹಾಕಿ, 310 ಮತ್ತು 430 ಅಡಿಯ ಸೆಲೆಗಳನ್ನೇ ನಂಬಿದ ಮೇಲೆ ಕಡಿಮೆ ಆಗಲೇಬೇಕು. ಇನ್ನೊಂದು ಮಾತು. ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಲ್ಲಿ ಎಷ್ಟೋ ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಲು ಆಗದು. ಅದು ಕಲ್ಲಿನಿಂದಲೇ ಕರಗಿ ಬರುವುದು, ರಬ್ಬರಿಗೂ ಅದಕ್ಕೂ ಸಂಬಂಧವಿಲ್ಲ. ನೀರು ತಿಳಿಯಾಯಿತು ಅಂತ ಮನೆಗೆ ಕುಡಿಯಲು ತರಬೇಡಿ, ಪರೀಕ್ಷೆ ಮಾಡಿಸಿ. ನಾವು ಈಗಲೂ ಊರಿನ ಶುದ್ಧ ನೀರಿನ ಘಟಕದಿಂದಲೇ ಕ್ಯಾನ್ ತರುತ್ತೇವೆ.

ಜಗಳೂರು ಕಡೆಯ ಗೆಳೆಯನೊಬ್ಬ ತನ್ನ ಬೋರಿಗೂ ಮಾಡಿಕೊಡು ಅಂದ. ಹೋಗಿ ನೋಡಿದೆ. 40 ಅಡಿಗೇ ಒಳ್ಳೆ ಗ್ರಾನೈಟ್, ಕೇಸಿಂಗ್ ಸರಿಯಾಗಿ ಕೂತಿದೆ. ಅವನ ಕೆಸರು ಬರುತ್ತಿದ್ದದ್ದು 300ರ ಆಚೆ, ನೀರಿನ ಸೆಲೆಯಿಂದಲೇ. ಅಲ್ಲಿ ಮುಚ್ಚಿದರೆ ನೀರೂ ಹೋಯಿತು. ಕ್ಯಾಮೆರಾದವನಿಗೆ ದುಡ್ಡು ಕೊಡಿಸಿ, ಊಟ ಮಾಡಿ ಬಂದೆ.

ನನ್ನ ಕೆಲಸ ಗೆದ್ದಿತಾ ಅಂತ ತಿಳಿಯಲು ಒಂದೂವರೆ ವರ್ಷ ಕಾಯಬೇಕಾಯಿತು. 2023ರಲ್ಲಿ ಮಳೆ ಕೈಕೊಟ್ಟಿತು. ಮೇಲೆ ನೀರೇ ಇಲ್ಲದಾಗ ನೀರು ಸೋರದಿರುವುದು ಏನು ಮಹಾ. 2024ರ ಅಕ್ಟೋಬರ್‌ನಲ್ಲಿ ವಾರಗಟ್ಟಲೆ ಮಳೆ ಹಿಡಿಯಿತು, ಕಟ್ಟೆ ತುಂಬಿತು. ಒಂದು ಬೆಳಿಗ್ಗೆ ಬಿಳಿ ಬಕೆಟ್ ತೆಗೆದುಕೊಂಡು ತೋಟಕ್ಕೆ ಹೋದೆ. ಮನೆಯವಳೂ ಹಿಂದೆಯೇ ಬಂದಳು. ನೀರು ಹಿಡಿದಿಟ್ಟು, ಮರುದಿನ ಮೆಲ್ಲಗೆ ಬಗ್ಗಿಸಿ ನೋಡಿದರೆ ತಳದಲ್ಲಿ ಬೆರಳಿಗೆ ಅಂಟುವಷ್ಟು ಹೂಳು. ಡ್ರಿಪ್ ಫಿಲ್ಟರ್ ಈಗ ವಾರಕ್ಕೊಮ್ಮೆ ತೊಳೆದರೆ ಸಾಕು. ಮೋಟರ್ ಹಾಕಿದ ಮೊದಲ ಎರಡು ನಿಮಿಷ ಇನ್ನೂ ಸ್ವಲ್ಪ ಕೆಂಪು ಬರುತ್ತದೆ. ಆ ನೀರನ್ನು ಬಾಳೆಗೆ ತಿರುಗಿಸುತ್ತೇನೆ.