ಅಮೆರಿಕದಲ್ಲಿ ಗಣಿತದ ಟಿಎ: ಯಾವ ಕೋರ್ಸ್ ಕೇಳಬೇಕು?

ಬೆಂಗಳೂರಿನಿಂದ ಅಮೆರಿಕಕ್ಕೆ ಗಣಿತದ ಪಿಎಚ್‌ಡಿಗೆ ಹೊರಟವರಿಗೆ ಎಷ್ಟೋ ವಿಭಾಗಗಳು ಬೇಸಿಗೆಯಲ್ಲೇ ಒಂದು ಫಾರ್ಮ್ ಕಳಿಸುತ್ತವೆ: ಯಾವ ಕೋರ್ಸಿಗೆ ಟಿಎ (ಟೀಚಿಂಗ್ ಅಸಿಸ್ಟೆಂಟ್, ಅಂದರೆ ಪಾಠಕ್ಕೆ ನೆರವಾಗುವವರು) ಆಗುತ್ತೀರಿ? ಎಂ.ಎಸ್ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದವರು ಹಿಂದೆಮುಂದೆ ನೋಡದೆ ರಿಯಲ್ ಅನಾಲಿಸಿಸ್ ಎಂದು ಬರೆದುಬಿಡುತ್ತಾರೆ. ವರ್ಷವರ್ಷವೂ ನೋಡುತ್ತಿದ್ದೇನೆ. ಮೊದಲ ವರ್ಷ ದಯವಿಟ್ಟು ಹಾಗೆ ಮಾಡಬೇಡಿ.

ರಿಯಲ್ ಅನಾಲಿಸಿಸ್‌ನಲ್ಲಿ ಹೋಮ್‌ವರ್ಕ್ ಎಂದರೆ ಪೂರ್ತಿ ಪ್ರೂಫ್. ಮೂವತ್ತು ವಿದ್ಯಾರ್ಥಿಗಳು, ವಾರಕ್ಕೆ ಆರು ಪ್ರಶ್ನೆ, ಒಂದಕ್ಕೆ ನಾಲ್ಕೇ ನಿಮಿಷ ಎಂದರೂ 12 ಗಂಟೆ ತಿದ್ದುವುದಕ್ಕೇ ಹೋಯಿತು. ತಪ್ಪಿದ ಪ್ರೂಫ್ ಎಲ್ಲಿ ತಪ್ಪಿತೆಂದು ಹುಡುಕಿ ಬರೆಯಲು ನಾಲ್ಕು ನಿಮಿಷ ಎಲ್ಲಿ ಸಾಲುತ್ತದೆ? ಜಯನಗರದ ಹುಡುಗಿಯೊಬ್ಬಳು ಶನಿವಾರ, ಭಾನುವಾರಗಳನ್ನೆಲ್ಲ ಇದರಲ್ಲೇ ಕಳೆದು, ಓದಲು ಹೊತ್ತಿಲ್ಲದೆ, ಪಿಎಚ್‌ಡಿ ಮುಂದುವರಿಸಲು ಪಾಸಾಗಲೇಬೇಕಾದ ಕ್ವಾಲಿಫೈಯಿಂಗ್ ಪರೀಕ್ಷೆಯನ್ನು ಎರಡನೇ ಸಲ ಬರೆಯಬೇಕಾಯಿತು. ಬುದ್ಧಿಗೇನೂ ಕೊರತೆ ಇರಲಿಲ್ಲ.

ಹಾಫ್-ಟೈಮ್ ಟಿಎ ಎಂದರೆ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ. ಸೆಮಿಸ್ಟರ್ ನಡೆಯುವಾಗ ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಕ್ಯಾಂಪಸ್ ಕೆಲಸದ ಮಿತಿಯೂ ಅಷ್ಟೇ. ಇದರ ಮೇಲೆ ಲೈಬ್ರರಿಯಲ್ಲಿ ನಾಲ್ಕು ಗಂಟೆ ಕೆಲಸ ಸೇರಿಸಿಕೊಂಡರೂ ವೀಸಾಕ್ಕೇ ಕುತ್ತು. ಟಿಎ ಕೆಲಸವೇ ಮಿತಿ ಮೀರುತ್ತಿದ್ದರೆ ಗಂಟೆಗಳನ್ನು ಬರೆದಿಟ್ಟು ಕೋಆರ್ಡಿನೇಟರ್‌ಗೆ ತಿಳಿಸಿ. ಸುಮ್ಮನೆ ದುಡಿಯಬೇಡಿ.

ನನ್ನ ಮಟ್ಟಿಗೆ ಮೊದಲ ಸೆಮಿಸ್ಟರಿಗೆ ಕ್ಯಾಲ್ಕುಲಸ್ 1 ಸರಿ. ಪಾಠ ಬಹುಪಾಲು ನಮ್ಮ ಸೆಕೆಂಡ್ ಪಿಯುಸಿಯದೇ, ಹೋಮ್‌ವರ್ಕನ್ನು ಹಲವೆಡೆ ವೆಬ್‌ವರ್ಕ್‌ನಂಥ ಸಾಫ್ಟ್‌ವೇರೇ ತಿದ್ದುತ್ತದೆ. ಬೋರ್ಡಿನ ಮೇಲೆ ಕೊಸೆಕ್ ಬದಲು ಸಿಎಸ್‌ಸಿ, ನ್ಯಾಚುರಲ್ ಲಾಗ್‌ಗೆ ಎಲ್‌ಎನ್ ಎಂದು ಬರೆಯಿರಿ. ಬರೀ ಲಾಗ್ ಬರೆದರೆ ಮಕ್ಕಳು ಬೇಸ್ 10 ಅಂದುಕೊಳ್ಳುತ್ತಾರೆ. ಕ್ಯಾಲ್ಕುಲಸ್ 2 ಸಿಕ್ಕರೆ ಇನ್‌ಫಿನಿಟ್ ಸೀರೀಸ್ ಮತ್ತೆ ಓದಿಕೊಳ್ಳಿ. ಕ್ಯಾಲ್ಕುಲಸ್‌ಗೆ ಮುಂಚಿನ ಪ್ರಿಕ್ಯಾಲ್ಕುಲಸ್ ಸುಲಭವೆಂದು ಮಾತ್ರ ಕೇಳಬೇಡಿ: ಭಿನ್ನರಾಶಿ ಕೂಡಲು ತಡಕಾಡುವವರಿಗೆ ಹೇಳಿಕೊಡುವ ತಾಳ್ಮೆ ಬೇರೆಯೇ.

ವಾರವಾರ ಸಣ್ಣ ಗುಂಪಿನಲ್ಲಿ ಅನುಮಾನ ಬಗೆಹರಿಸುವ ಅವರ ಡಿಸ್ಕಷನ್ ಪದ್ಧತಿ ನಮ್ಮದಕ್ಕಿಂತ ಎಷ್ಟೋ ಮೇಲು. ಅದಕ್ಕಾಗಿಯೇ ಇಲ್ಲಿ ಡಿಗ್ರಿ ಮಕ್ಕಳು ಟ್ಯೂಷನ್‌ಗೆ ದುಡ್ಡು ಸುರಿಯುತ್ತಾರೆ. ಇನ್ನು, ಇಲ್ಲಿಯ ಹಾಗೆ ಅಂಕಪಟ್ಟಿಯನ್ನು ಬಾಗಿಲಿಗೆ ಅಂಟಿಸೀರಿ ಜೋಕೆ. 1974ರ ಫೆರ್ಪಾ ಕಾನೂನಿನಡಿ ವಿದ್ಯಾರ್ಥಿಯ ಅಂಕ ಖಾಸಗಿ.

ಫಾರ್ಮ್ ತುಂಬುವ ಮುಂಚೆ ಆ ಕೋರ್ಸಿನ ಹಳೆಯ ಟಿಎಗೆ ಒಂದು ಇಮೇಲ್ ಹಾಕಿ. ವಿದ್ಯಾರ್ಥಿಗಳೆಷ್ಟು, ಹೋಮ್‌ವರ್ಕ್ ತಿದ್ದುವವರು ಯಾರು, ಮಿಡ್‌ಟರ್ಮ್ ಎಷ್ಟು, ಇಷ್ಟು ಕೇಳಿದರೆ ಸಾಕು.