ಬಾದಾಮಿ ಕೋಟೆ: ಹತ್ತುವುದು ಸಲೀಸು, ಇಳಿಯುವುದನ್ನು ಕಲಿಯಿರಿ

ಹೋದ ಡಿಸೆಂಬರಿನಲ್ಲಿ ಬಾದಾಮಿಯ ಉತ್ತರ ಕೋಟೆಯಲ್ಲಿ ಒಂದು ಕುಟುಂಬವನ್ನು ನೋಡಿದೆ. ಅಪ್ಪನ ಕಾಲಲ್ಲಿ ಆಫೀಸಿನ ಬೂಟು, ಅಮ್ಮನ ಕಾಲಲ್ಲಿ ಹಿಮ್ಮಡಿ ಎತ್ತರದ ಚಪ್ಪಲಿ, ಮಗಳ ಕೈಯಲ್ಲಿ ಚಿಪ್ಸ್ ಪ್ಯಾಕೆಟ್. ಹತ್ತುವಾಗ ಮೂವರೂ ನನ್ನನ್ನು ಹಿಂದೆ ಹಾಕಿ ಹೋದರು. ಒಂದು ಗಂಟೆ ಬಿಟ್ಟು ನೋಡಿದರೆ ಅಮ್ಮ ಇಳಿಜಾರು ಬಂಡೆಯ ನಡುವೆ ಕದಲದೆ ನಿಂತುಬಿಟ್ಟಿದ್ದಾರೆ. ಅಪ್ಪ ಕೆಳಗಿನಿಂದ "ಏನೂ ಆಗಲ್ಲ, ಬಾ" ಅನ್ನುತ್ತಿದ್ದಾರೆ. ಚಿಪ್ಸ್ ಆಗಲೇ ಕೋತಿಯ ಪಾಲಾಗಿತ್ತು.

ಇಂಥದ್ದನ್ನು ಅಲ್ಲಿ ಪ್ರತಿ ಸಲವೂ ನೋಡುತ್ತೇನೆ. ಬಾದಾಮಿ ದೊಡ್ಡ ಚಾರಣವೇನಲ್ಲ. ಬೆಳಿಗ್ಗೆ ಹಳೇ ಕಾಲದ ಚಿತ್ರಗಳಿರುವ ಸಿಡ್ಲಫಡಿ ಬಂಡೆಗಳು, ಆಮೇಲೆ ಉತ್ತರ ಕೋಟೆ, ಸಂಜೆ ಕೆರೆಯ ದಂಡೆ. ಒಂದೇ ದಿನದಲ್ಲಿ ಆರಾಮಾಗಿ ಮುಗಿಯುತ್ತದೆ. ಆದರೆ ಮರಳುಗಲ್ಲಿನ ಮೇಲೆ ನಡೆಯುವುದಕ್ಕೂ ನಮ್ಮ ಸಾವನದುರ್ಗದಂಥ ಗಟ್ಟಿ ಬಂಡೆಯ ಮೇಲೆ ನಡೆಯುವುದಕ್ಕೂ ವ್ಯತ್ಯಾಸ ಇದೆ. ಅದು ಗೊತ್ತಿಲ್ಲದೆ ಹೋದವರೇ ನಡುವೆ ಸಿಕ್ಕಿಹಾಕಿಕೊಳ್ಳುವುದು.

ಯಾವಾಗ, ಹೇಗೆ

ನವೆಂಬರಿನಿಂದ ಫೆಬ್ರುವರಿ ನಡುವೆ ಹೋಗಿ. ಏಪ್ರಿಲ್, ಮೇನಲ್ಲಿ ಬೇಡವೇ ಬೇಡ. ಆ ಕಲ್ಲು ಹಗಲೆಲ್ಲ ಕಾದು ಹೆಂಚಿನ ಹಾಗೆ ಆಗಿರುತ್ತದೆ. ರೈಲಿನಲ್ಲಿ ಬಂದರೆ ನಿಲ್ದಾಣದಿಂದ ಊರಿಗೆ ಐದು ಕಿಲೋಮೀಟರ್, ಆಟೊ ಸಿಗುತ್ತದೆ. ಜನವರಿಯ ಬನಶಂಕರಿ ಜಾತ್ರೆಯ ಹೊತ್ತಿಗೆ ಹೋಗುವವರು ರೂಮು ಮೊದಲೇ ಹಿಡಿಯಿರಿ.

ಗೈಡ್ ಜೊತೆ ಹಿಂದಿನ ಸಂಜೆಯೇ ಮಾತಾಡಿ

ಉತ್ತರ ಕೋಟೆಗೆ ಗೈಡ್ ಇಲ್ಲದೆಯೂ ಹೋಗಬಹುದು. ಸಿಡ್ಲಫಡಿಗೆ ಮಾತ್ರ ಬೇಕೇ ಬೇಕು. ಊರಿನಿಂದ ಸುಮಾರು ನಾಲ್ಕು ಕಿಲೋಮೀಟರ್ ದೂರದ ಕುರುಚಲು ಕಾಡು ಅದು. ಕುರಿ ಓಡಾಡಿದ ದಾರಿ ಹತ್ತು ಕಡೆ ಕವಲೊಡೆಯುತ್ತದೆ. ಮೊಬೈಲ್ ಮ್ಯಾಪ್ ನಂಬಿ ಹೋದ ನಾನೇ ಒಮ್ಮೆ ಮುಕ್ಕಾಲು ಗಂಟೆ ಜಾಲಿ ಮುಳ್ಳಿನಲ್ಲಿ ಸುತ್ತಿದ್ದೇನೆ.

ಮೇಣಬಸದಿಗಳ, ಅಂದರೆ ಗುಹಾಲಯಗಳ, ಟಿಕೆಟ್ ಕೌಂಟರಿನ ಹತ್ತಿರ ಗುರುತಿನ ಚೀಟಿ ಇರುವ ಗೈಡ್‌ಗಳು ಸಿಗುತ್ತಾರೆ. "ನಾಳೆ ಬಾದಾಮಿ ತೋರಿಸಿ" ಅಂತ ಸುಮ್ನೆ ಹೇಳಿದರೆ ನಾಲ್ಕು ಗುಹೆ ತೋರಿಸಿ ಕೈ ತೊಳೆದುಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ, ಹೆಚ್ಚಿನವರು ಕೇಳುವುದೇ ಅಷ್ಟು. ಸಿಡ್ಲಫಡಿ, ಉತ್ತರ ಕೋಟೆ ಎರಡನ್ನೂ ಹೆಸರು ಹಿಡಿದು ಹೇಳಿ. ಎಷ್ಟು ಗಂಟೆಗೆ ಹೊರಡುವುದು, ಎಷ್ಟು ದುಡ್ಡು, ಎಲ್ಲಾ ಆಗಲೇ ಮುಗಿಸಿ. ಕೋಟೆಯ ಗೇಟು ಎಷ್ಟು ಹೊತ್ತಿಗೆ ತೆರೆಯುತ್ತಾರೆ ಎಂಬುದನ್ನೂ ಅವರನ್ನೇ ಕೇಳಿ. ಬೈಕ್ ಮೇಲೆ ಬಂದು "ಶಾರ್ಟ್‌ಕಟ್ ಐತ್ರಿ, ಅರ್ಧಾ ತಾಸಿನ್ಯಾಗ ಮುಗೀತೈತಿ" ಅನ್ನುವ ಹುಡುಗರ ಹಿಂದೆ ಹೋಗಬೇಡಿ. ಆ ಶಾರ್ಟ್‌ಕಟ್ ಒಂದು ಸೀಳಿನಲ್ಲಿ ಕೈ ಕಾಲು ಊರಿ ಇಳಿಯುವಂಥದ್ದು. ಅವರಿಗೆ ಅದು ಮೆಟ್ಟಿಲು, ನಮಗೆ ಆಸ್ಪತ್ರೆ.

ಕಾಲಿಗೆ ಏನು, ಕೈಗೆ ಏನು

ಮೆತ್ತನೆ ರಬ್ಬರ್ ಅಟ್ಟೆಯ, ಕಾಲಿಗೆ ಬಿಗಿಯಾಗಿ ಕೂರುವ ಹಳೇ ಶೂ ಸಾಕು. ಹೊಸದನ್ನು ಅವತ್ತೇ ಹಾಕಬೇಡಿ. ಬ್ರ್ಯಾಂಡಿನ ಹೆಸರು ಒಂದಕ್ಷರ ತಪ್ಪಾಗಿ ಬರೆದಿರುವ ಫುಟ್‌ಪಾತ್ ಶೂ ಅಂತೂ ಬೇಡ. ನಾನು ಒಂದು ಸಲ ಕಾಸು ಉಳಿಸಲು ಹೋಗಿ ಅಂಥದ್ದೊಂದು ತಂದಿದ್ದೆ. ಕೋಟೆಯ ಮೇಲೆ ಹನ್ನೊಂದು ಗಂಟೆಯ ಬಿಸಿಲಿಗೆ ಗಮ್ ಬಿಟ್ಟುಕೊಂಡು ಅಟ್ಟೆ ಮೊಸಳೆ ಬಾಯಿ ತೆರೆದ ಹಾಗೆ ತೆರೆಯಿತು. ಗೈಡ್ ಕಾಕಾ ತಲೆಯ ಟವೆಲ್ಲಿನ ಅಂಚು ಹರಿದು ಕಟ್ಟಿಕೊಟ್ಟರು. ಹಾಗೇ ಕುಂಟುತ್ತ ಇಳಿದೆ.

ಆನ್‌ಲೈನಿನಲ್ಲಿ ಸಿಗುವ ಮಡಚುವ ಕೋಲು ಕೂಡ ಇಲ್ಲಿ ಉಪಯೋಗಕ್ಕಿಲ್ಲ. ಅದರ ಕಬ್ಬಿಣದ ಮೊನೆ ಬಂಡೆಯ ಮೇಲೆ ಕಿರ್ ಅಂತ ಜಾರುತ್ತದೆ. ತರುವುದೇ ಆದರೆ ತುದಿಗೆ ರಬ್ಬರ್ ಟೊಪ್ಪಿ ಹಾಕಿ ತನ್ನಿ. ನನ್ನ ಪ್ರಕಾರ ಎರಡೂ ಕೈ ಖಾಲಿ ಇರುವುದೇ ವಾಸಿ.

ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಶೇಂಗಾ ಚಿಕ್ಕಿ. ಎಲ್ಲವೂ ಬೆನ್ನಿನ ಚೀಲದೊಳಗೆ, ಜಿಪ್ ಹಾಕಿ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿಯಬೇಡಿ. ಅದರ ಸರಬರ ಸದ್ದು ಬಾದಾಮಿಯ ಕೋತಿಗಳಿಗೆ ಊಟದ ಗಂಟೆ. ಸೆಂಟು ಹೊಡೆದುಕೊಂಡು ಬರಬೇಡಿ, ಬಂಡೆಯ ಕೆಳಗೆ ಕೂಗಾಡಬೇಡಿ. ಕಡಿದಾದ ಗೋಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ.

ಬೆಳಿಗ್ಗೆ ಆರಕ್ಕೆ ಸಿಡ್ಲಫಡಿ

ಕತ್ತಲು ಹರಿಯುವಾಗಲೇ ಹೊರಡಿ. ಸಿಡ್ಲಫಡಿ ಅಂದರೆ ಸಿಡಿಲು ಬಡಿದ ಬಂಡೆ ಅಂತ ಅರ್ಥ ಹೇಳುತ್ತಾರೆ. ದೊಡ್ಡ ಬಂಡೆಗಳು ಸೇತುವೆಯ ಹಾಗೆ ಕೂಡಿಕೊಂಡಿವೆ, ಮೇಲಿನ ಕಿಂಡಿಯಿಂದ ಬೆಳಕು ಒಳಗೆ ಬೀಳುತ್ತದೆ. ಗೋಡೆಯ ಮೇಲೆ ಇತಿಹಾಸಪೂರ್ವ ಕಾಲದ ಜನ ಕೆಮ್ಮಣ್ಣಿನ ಬಣ್ಣದಲ್ಲಿ ಬರೆದ ಮನುಷ್ಯರು, ಪ್ರಾಣಿಗಳು. ಮೊದಲ ನೋಟಕ್ಕೆ ಏನೂ ಕಾಣುವುದಿಲ್ಲ. ಐದು ನಿಮಿಷ ನೆರಳಿನಲ್ಲಿ ಸುಮ್ಮನೆ ಕೂತರೆ ಕಣ್ಣು ಹೊಂದಿಕೊಂಡು ಒಂದೊಂದೇ ಎದ್ದು ಬರುತ್ತವೆ. ಫೋಟೊ ಚೆನ್ನಾಗಿ ಬರಲಿ ಅಂತ ಅದರ ಮೇಲೆ ನೀರು ಚಿಮುಕಿಸುವವರಿದ್ದಾರೆ. ದಯವಿಟ್ಟು ಬೇಡ. ಬಣ್ಣ ಹಾಳಾಗುತ್ತದೆ.

ಒಂಬತ್ತೂವರೆಯೊಳಗೆ ಊರಿಗೆ ವಾಪಸ್. ಇಡ್ಲಿಯೋ ಉಪ್ಪಿಟ್ಟೋ ತಿಂದು ಕೋಟೆಗೆ ನಡೆಯಿರಿ.

ಕೋಟೆ ಹತ್ತುವಾಗ

ಅಗಸ್ತ್ಯತೀರ್ಥ ಕೆರೆಯ ಪಕ್ಕ, ಮ್ಯೂಸಿಯಂ ಬಳಿಯಿಂದ ದಾರಿ ಶುರು. ಊರವರು ಇದನ್ನು ಬಾವನ್ ಬಂಡೆ ಕೋಟೆ ಅನ್ನುತ್ತಾರೆ. ಎದುರಿನ ದಕ್ಷಿಣ ಬೆಟ್ಟದ್ದು ರಣಮಂಡಲ ಕೋಟೆ. ಗುಹೆಗಳ ಮಧ್ಯದಿಂದ ಅಲ್ಲಿಗೆ ಹೋಗುವ ಮೆಟ್ಟಿಲಿಗೆ ಗೇಟು ಹಾಕಿ ಮುಚ್ಚಿದ್ದಾರೆ. ಗೇಟು ಹಾರಿ ಹೋಗೋಣ ಅನ್ನುವ ಗೈಡ್ ಸಿಕ್ಕರೆ ಅವರನ್ನು ಅಲ್ಲೇ ಬಿಡಿ.

ಸ್ವಲ್ಪ ದೂರದಲ್ಲೇ ದಾರಿ ಬಂಡೆಯ ಸಂದಿಗೆ ನುಗ್ಗುತ್ತದೆ. ಎರಡೂ ಕಡೆ ಕೆಂಪು ಗೋಡೆ, ಮೇಲೆ ಒಂದು ಪಟ್ಟಿ ಆಕಾಶ. ಇಲ್ಲಿ ನಿಂತು ಗೋಡೆಯನ್ನು ಹತ್ತಿರದಿಂದ ನೋಡಿ. ಪದರಗಳು ರೊಟ್ಟಿ ಪೇರಿಸಿದ ಹಾಗಿವೆ. ಕೆಲವು ಕಡೆ ನೆಟ್ಟಗಿರದೆ ಓರೆಯಾಗಿ ಹಾಯ್ದಿವೆ. ಕೋಟಿಗಟ್ಟಲೆ ವರ್ಷದ ಹಿಂದೆ ಹರಿವು ಮರಳನ್ನು ಯಾವ ಕಡೆಗೆ ತಳ್ಳಿತ್ತು ಅನ್ನುವುದು ಆ ಓರೆಯಲ್ಲಿ ಉಳಿದಿದೆ. ಕೆಂಪು ಬಣ್ಣ ಕಬ್ಬಿಣದ್ದು. ಈಗ ಅಂಗೈಯಿಂದ ಗೋಡೆಯನ್ನು ಮೆಲ್ಲಗೆ ಸವರಿ. ಕೈಗೆ ನಾಲ್ಕು ಕಾಳು ಮರಳು ಅಂಟುತ್ತದೆ. ಇದನ್ನು ನೆನಪಿಡಿ, ಇಳಿಯುವಾಗ ಬೇಕಾಗುತ್ತದೆ.

ಈ ಬೆಟ್ಟವನ್ನು ಕೋಟೆ ಮಾಡಿದವನು ಒಂದನೇ ಪುಲಕೇಶಿ. ಶಕ 465, ಅಂದರೆ ಕ್ರಿ.ಶ. 543ರ ಅವನ ಶಾಸನ ಬಂಡೆಯ ಮೇಲಿದೆ. ಅವನ ಜಾಣತನ ಈ ಸಂದಿಯಲ್ಲಿ ನಿಂತರೇನೇ ತಿಳಿಯುವುದು. ಸೈನ್ಯ ಎಷ್ಟೇ ದೊಡ್ಡದಿರಲಿ, ಇಲ್ಲಿ ಒಬ್ಬೊಬ್ಬರಾಗಿಯೇ ಬರಬೇಕು. ಆದರೂ 642ರಲ್ಲಿ ಪಲ್ಲವರ ನರಸಿಂಹವರ್ಮ ಊರನ್ನು ಗೆದ್ದು 'ವಾತಾಪಿಕೊಂಡ', ಅಂದರೆ ಬಾದಾಮಿ ಗೆದ್ದವನು, ಅಂತ ಬಿರುದು ಹಾಕಿಕೊಂಡ. ಮೇಲೆ ಕಾಣುವ ಬುರುಜು, ದುಂಡನೆಯ ಕಣಜ ಇವೆಲ್ಲ ಬಹಳ ಈಚಿನವು, 18ನೇ ಶತಮಾನದ ಹೊತ್ತಿನವು. ಇವನ್ನೂ ಚಾಲುಕ್ಯರ ಲೆಕ್ಕಕ್ಕೆ ಸೇರಿಸಿ ವಿಡಿಯೊ ಮಾಡುವವರು ಜಾಸ್ತಿ.

ಕೆಳಗಿನ ಶಿವಾಲಯ, ಮೇಲಿನ ಶಿವಾಲಯ ಎರಡನ್ನೂ ನೋಡಿ. ಸಮಯ ಕಡಿಮೆ ಇದ್ದರೆ ಮಾಲೆಗಿತ್ತಿ ಶಿವಾಲಯವನ್ನು ಮಾತ್ರ ಬಿಡಬೇಡಿ. ಬಂಡೆಯ ತುದಿಯಲ್ಲಿ ಒಂಟಿಯಾಗಿ ಕೂತ ಏಳನೇ ಶತಮಾನದ ಗುಡಿ ಅದು. ನನಗಂತೂ ಬಾದಾಮಿಯಲ್ಲಿ ಗುಹೆಗಳಿಗಿಂತ ಇದೇ ಇಷ್ಟ.

ಈಗ ಇಳಿಯುವುದು

ಮೆಟ್ಟಿಲಲ್ಲೇ ಇಳಿದರೆ ತೊಂದರೆ ಕಡಿಮೆ. ಅವು ಎತ್ತರ, ಅಂಚು ಸವೆದಿವೆ. ಅಡ್ಡಡ್ಡ ತಿರುಗಿ ಒಂದೊಂದೇ ಇಳಿಯಿರಿ, ಅಷ್ಟೇ. ಕಷ್ಟ ಇರುವುದು ನೋಟ ನೋಡಲು, ಫೋಟೊಗೆ ಅಂತ ಮೆಟ್ಟಿಲು ಬಿಟ್ಟು ಹೋಗುವ ಇಳಿಜಾರು ಬಂಡೆಗಳಲ್ಲಿ. ಸಿಡ್ಲಫಡಿಯ ದಾರಿಯಲ್ಲೂ ಇಂಥವು ಬರುತ್ತವೆ.

ಗೋಡೆ ಸವರಿದಾಗ ಕೈಗೆ ಅಂಟಿತಲ್ಲ, ಆ ಮರಳೇ ಇಲ್ಲಿನ ಕಳ್ಳ. ಬಿಸಿಲು ಮಳೆಗೆ ಕಲ್ಲು ಸದಾ ಉದುರುತ್ತಿರುತ್ತದೆ. ಉದುರಿದ ಕಾಳು ಇಳಿಜಾರಿನ ಮೇಲೇ ಕೂತಿರುತ್ತದೆ. ಬರೀ ಬಂಡೆ ಉಪ್ಪುಕಾಗದದಷ್ಟು ಹಿಡಿತ ಕೊಡುತ್ತದೆ, ಅದೇ ಬಂಡೆಯ ಮೇಲೆ ಮರಳಿದ್ದರೆ ನೆಲದ ಮೇಲೆ ಸಾಸಿವೆ ಚೆಲ್ಲಿ ನಡೆದ ಹಾಗೆ. ಹತ್ತುವಾಗ ಮೈಭಾರ ಮುಂದಕ್ಕಿರುವುದರಿಂದ ಗೊತ್ತಾಗುವುದಿಲ್ಲ.

ಮೊದಲು ಮೊಬೈಲ್ ಜೇಬಿಗೆ. ಆಮೇಲೆ ನಿಂತಲ್ಲಿಂದಲೇ ಕೆಳಗಿನ ನಾಲ್ಕು ಹೆಜ್ಜೆ ಎಲ್ಲೆಲ್ಲಿ ಅಂತ ನೋಡಿಕೊಳ್ಳಿ. ಬಿಳಿಚಿಕೊಂಡು ಪುಡಿಪುಡಿ ಕಾಣುವ ಜಾಗ ಬಿಡಿ, ಒರಟಾಗಿ ಕಾಣುವ ಜಾಗ ಹಿಡಿಯಿರಿ. ಬೇರೆ ದಾರಿ ಇಲ್ಲ, ಮರಳಿನ ಮೇಲೇ ಕಾಲಿಡಬೇಕು ಅಂದರೆ ಬೂಟಿನ ಅಂಚಿನಿಂದ ಅದನ್ನು ಪಕ್ಕಕ್ಕೆ ಬಳಿಯಿರಿ. ಟವೆಲ್ ಹರಿದುಕೊಟ್ಟ ಕಾಕಾ ಹೇಳುತ್ತಿದ್ದದ್ದೂ ಇದನ್ನೇ: "ಉಸುಕು ಐತ್ರಿ ಸರ, ಕಾಲಿಂದ ಬಳದು ಆಮ್ಯಾಲೆ ಇಡ್ರಿ." ಎರಡು ಸೆಕೆಂಡಿನ ಕೆಲಸ. ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ.

ಪಾದ ಇಡುವಾಗ ಅಟ್ಟೆ ಪೂರ್ತಿ ಬಂಡೆಗೆ ತಾಗಬೇಕು. ಹಿಮ್ಮಡಿ ಊರಿ ಇಳಿಯುವುದು ಮಣ್ಣಿನ ಗುಡ್ಡದ ರೂಢಿ. ಇಲ್ಲಿ ಹಾಗೆ ಮಾಡಿದರೆ ಹಿಮ್ಮಡಿಯೇ ಮೊದಲು ಜಾರುತ್ತದೆ. ಮೊಣಕಾಲು ಸ್ವಲ್ಪ ಬಗ್ಗಿರಲಿ, ಹೆಜ್ಜೆ ಗೇಣುದ್ದ ಸಾಕು. ಹೆದರಿಕೆಯಾದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ಅಲ್ವಾ? ಜಾರುವುದು ಆಗಲೇ. ಭಾರ ಪಾದದ ನೇರಕ್ಕೆ ಇರಬೇಕು. ಮನಸ್ಸು ಒಪ್ಪುವುದಿಲ್ಲ, ಆದರೆ ಅಟ್ಟೆ ಹಿಡಿಯುವುದು ಹಾಗಿದ್ದಾಗಲೇ. ಊರಿನ ಹತ್ತಿರ ಯಾವುದಾದರೂ ತಗ್ಗು ಬಂಡೆಯ ಮೇಲೆ ಐದಾರು ಸಲ ಮಾಡಿ ನೋಡಿ, ಆಮೇಲೆ ಹೋಗಿ.

ಆಗುವುದೇ ಇಲ್ಲ ಅನ್ನಿಸಿದರೆ ಕೂತುಬಿಡಿ. ಕುಂಡೆ ಊರಿ, ಎರಡು ಅಂಗೈ ಪಕ್ಕಕ್ಕೆ ಊರಿ ಸರಿಯುತ್ತ ಇಳಿಯಿರಿ. ಪ್ಯಾಂಟು ಕೆಂಪಾಗುತ್ತದೆ, ಒಗೆದರೆ ಹೋಗುತ್ತದೆ. ಇನ್ನೂ ಕಡಿದಾಗಿದ್ದರೆ ಏಣಿ ಇಳಿಯುವ ಹಾಗೆ ಬಂಡೆಗೆ ಮುಖ ಮಾಡಿ. ಕೈಗೆ ಸಿಕ್ಕ ತೆಳು ಅಂಚನ್ನು ಜಗ್ಗಬೇಡಿ. ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಡಬ್ ಡಬ್ ಅಂತ ಟೊಳ್ಳು ಸದ್ದು ಬಂದರೆ ಆ ಪದರ ಕಿತ್ತು ಕೈಗೇ ಬರುತ್ತದೆ. ಮಕ್ಕಳಿದ್ದರೆ ದೊಡ್ಡವರು ಅವರಿಗಿಂತ ಕೆಳಗಿರಬೇಕು. ಮೇಲಿನಿಂದ ಕೈ ಹಿಡಿದು ಇಳಿಸುವುದು ತಪ್ಪು, ಜಾರಿದರೆ ಇಬ್ಬರೂ ಹೋಗುತ್ತೀರಿ. ಕೆಳಗಿನಿಂದ "ಬೇಗ ಬಾ" ಅಂತ ಕೂಗಬೇಡಿ. ಮೇಲೆ ಹೇಳಿದ ಅಮ್ಮನ ಹತ್ತಿರ ಒಬ್ಬ ಗೈಡ್ ಹೋಗಿ, ಅವರ ಒಂದೊಂದು ಹೆಜ್ಜೆಯ ಕೆಳಗೂ ತಮ್ಮ ಪಾದ ಅಡ್ಡ ಇಟ್ಟು ಇಳಿಸಿದರು. ಒಂದು ಮಾತೂ ಆಡಲಿಲ್ಲ.

ಮಳೆ ಬಂದಿದ್ದರೆ ಇಷ್ಟೆಲ್ಲ ಕಲಿತದ್ದೂ ಕೆಲಸಕ್ಕೆ ಬಾರದು. ಒದ್ದೆಯಾದ ಮರಳುಗಲ್ಲು ಜಾರುವುದಷ್ಟೇ ಅಲ್ಲ, ಮೆತ್ತಗಾಗಿ ಅಂಚುಗಳು ಮುರಿಯುತ್ತವೆ. ಬಾದಾಮಿಗೆ ಹಗ್ಗ ಕಟ್ಟಿ ಬಂಡೆ ಹತ್ತಲು ದೇಶದ ಎಲ್ಲಾ ಕಡೆಯಿಂದ ಬರುತ್ತಾರೆ. ತಿಳಿದವರು ಮಳೆ ನಿಂತ ಮೇಲೂ ಕಲ್ಲು ಒಣಗುವ ತನಕ ಮುಟ್ಟುವುದಿಲ್ಲ. ಅವತ್ತು ಕೆರೆಯ ದಂಡೆಯಲ್ಲಿ ನಿಂತು ಅಕ್ಕ-ತಂಗಿ ಜಲಪಾತ ನೋಡಿಕೊಂಡು ಬನ್ನಿ.

ಮಧ್ಯಾಹ್ನ, ಸಂಜೆ

ಕೆಳಗೆ ಮ್ಯೂಸಿಯಂ ಇದೆ, ನೆರಳಿದೆ. ಲಜ್ಜಾಗೌರಿಯ ಶಿಲ್ಪ ತಪ್ಪದೆ ನೋಡಿ. ಶುಕ್ರವಾರ ರಜೆ, ಅದಕ್ಕೇ ಈ ಚಾರಣ ಶುಕ್ರವಾರ ಇಟ್ಟುಕೊಳ್ಳಬೇಡಿ.

ಊಟಕ್ಕೆ ಊರಿನ ಹೋಟೆಲ್ ಬೇಡ. ಆಟೊ ಹಿಡಿದು ಐದು ಕಿಲೋಮೀಟರ್ ಆಚೆಯ ಬನಶಂಕರಿಗೆ ಹೋಗಿ. ಗುಡಿಯ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಗಡಿಗೆ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. "ಬಾರೋ ಯಪ್ಪಾ, ಉಣ್ಣು ಬಾ" ಅಂತ ಕರೆಯುತ್ತಾರೆ. ಮೊಸರು ಎರಡು ಗಡಿಗೆ ತಗೊಳ್ಳಿ.

ನಾಲ್ಕೂವರೆಗೆ ಕೆರೆಯ ಪೂರ್ವ ದಂಡೆಯ ಭೂತನಾಥ ಗುಡಿ. ದಾರಿಯಲ್ಲಿ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ತೋರಿಸಲು ಗೈಡ್‌ಗೆ ಹೇಳಿ. ಕ್ರಿ.ಶ. 700ರ ಸುಮಾರಿನದು, ಕನ್ನಡದ ತ್ರಿಪದಿ ಮೊದಲು ಕಾಣಸಿಗುವುದು ಇಲ್ಲೇ. ಶಾಲೆಯಲ್ಲಿ ಬಾಯಿಪಾಠ ಮಾಡಿದ "ಸಾಧುಗೆ ಸಾಧು" ಇದೇ ಬಂಡೆಯಲ್ಲಿದೆ. ಬಿಸಿಲು ಓರೆಯಾದಾಗ ಅಕ್ಷರ ಎದ್ದು ಕಾಣುತ್ತದೆ. ಆಮೇಲೆ ಗುಡಿಯ ಮೆಟ್ಟಿಲ ಮೇಲೆ ಕೂತುಬಿಡಿ. ಆಚೆ ದಡದಲ್ಲಿ ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಎರಡು ಸಲ ಕೇಳಿಸುತ್ತದೆ. ಗುಹೆಗಳನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ. ದಣಿದ ಕಾಲಲ್ಲಿ 578ರ ಮೂರನೇ ಗುಹೆ ನೋಡುವುದು ಅದಕ್ಕೂ ನಿಮಗೂ ಅನ್ಯಾಯ.

ರಾತ್ರಿ ಬಸ್ಸಿಗೆ ಹೊರಡುವವರು ಶೂ ಬಿಚ್ಚಿ ಒದರುವ ಕೆಲಸ ಇಲ್ಲೇ, ಮೆಟ್ಟಿಲ ಮೇಲೇ ಮುಗಿಸಿ. ಸ್ಲೀಪರ್ ಬಸ್ಸಿನ ಮೇಲಿನ ಸೀಟಿನಲ್ಲಿ ಕೂತು ನಾನು ಒದರಿದ್ದೆ. ಕೆಳಗಿನ ಸೀಟಿನವರು ಹುಬ್ಬಳ್ಳಿ ದಾಟುವ ತನಕ ಬೈಯುತ್ತಲೇ ಇದ್ದರು.