ಹಾರ್ನೆಟ್‌ಗೆ ಹಗುರ ಬುಲೆಟ್, ಹಗುರ ಕ್ರಿಂಪ್: ನನ್ನ ಅನುಭವ

.22 ಹಾರ್ನೆಟ್ ಅನ್ನುವ ಸಣ್ಣ ರೈಫಲ್ ತೋಟಾದಿಂದ 100 ಗಜಕ್ಕೆ ಒಂದು ಇಂಚಿನೊಳಗೆ ಗ್ರೂಪ್ (ಗುಂಡಿನ ತೂತುಗಳ ಹರವು) ಬರಲ್ಲ ಅಂತ ನನಗೆ ಹೇಳದವರೇ ಇಲ್ಲ. ರೇಂಜಿನ ಹಿರಿಯರು ಹೇಳಿದರು. ಅಮೆರಿಕದ ಬಾಯ್ಸಿಯಲ್ಲಿ ಜೊತೆಗೆ ಕೆಲಸ ಮಾಡುವ ಗೆಳೆಯರೂ ಹೇಳಿದರು. "ಮಾರಿಬಿಡು ಮಾರಾಯ, .223 ತಗೊಂಡು ನೆಮ್ಮದಿಯಾಗಿರು" ಅಂತ. (.223 ಇದಕ್ಕಿಂತ ಶಕ್ತಿಯ ತೋಟಾ.) ಈಗ ನನ್ನ ಅದೇ ಸಿಝೆಡ್ 527 ರೈಫಲ್ ಐದು ಗುಂಡಿಗೆ ಹೆಚ್ಚುಕಮ್ಮಿ 0.6 ಇಂಚು ಹಾಕುತ್ತಿದೆ. ಯಾವತ್ತೋ ಒಂದಿನ ಅದೃಷ್ಟಕ್ಕೆ ಬಂದದ್ದಲ್ಲ. ಗಾಳಿ ಇಲ್ಲದ ಬೆಳಿಗ್ಗೆ ಯಾವಾಗ ಕೂತರೂ ಅಷ್ಟೇ ಬರುತ್ತದೆ. ಅನುಮಾನ ಪಟ್ಟವರಲ್ಲಿ ಇಬ್ಬರು ಈಗ ನನ್ನ ಹತ್ತಿರ ಡೈ (ತೋಟಾ ಅಳತೆಗೆ ತರುವ ಅಚ್ಚು) ಸೆಟ್ಟಿಂಗ್ ಕೇಳುತ್ತಿದ್ದಾರೆ.

ಇದು ರೀಲೋಡಿಂಗ್, ಅಂದರೆ ಹಾರಿಸಿದ ಕೇಸನ್ನು ಮತ್ತೆ ತುಂಬಿ ತೋಟಾ ಮಾಡುವುದು, ಗೊತ್ತಿರುವವರಿಗಾಗಿ ಬರೆದದ್ದು. ಪ್ರೆಸ್ ಏನು, ತಕ್ಕಡಿ ಏನು ಅಂತ ವಿವರಿಸುತ್ತಾ ಕೂರಲ್ಲ. ಪೌಡರ್ ತೂಕವನ್ನೂ ಕೊಡಲ್ಲ, ಅದಕ್ಕೆ ನಿಮ್ಮ ಮ್ಯಾನುಯಲ್ ಇದೆ. ಊರಲ್ಲಿ ಇದನ್ನು ಓದುವವರು ಇಷ್ಟು ತಿಳಿದಿರಲಿ: ನಾನು ಹೇಳುತ್ತಿರುವುದು ಅಮೆರಿಕದ ವಿಷಯ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ.

ಹಾರ್ನೆಟ್ ಯಾಕೆ ಬೇಕಾಯಿತು? ಪೂರ್ವ ಒರೆಗಾನ್‌ನ ಬರ್ನ್ಸ್ ಸುತ್ತಮುತ್ತ ಅಲ್ಫಾಲ್ಫಾ ಹೊಲಗಳಿವೆ. ನಮ್ಮ ಕಡೆ ಕುದುರೆ ಮಸಾಲೆ ಅಂತೀವಲ್ಲ, ಅದೇ ಬೆಳೆ. ಚಳಿ ಮುಗಿಯುತ್ತಿದ್ದಂತೆ ಬೆಲ್ಡಿಂಗ್ ನೆಲ ಅಳಿಲುಗಳು ಬಿಲದಿಂದ ಎದ್ದು ಬರುತ್ತವೆ. ಅಲ್ಲಿನವರು ಸೇಜ್ ರ್ಯಾಟ್ ಅಂತಾರೆ. ಚಿಗುರನ್ನು ನೆಲಮಟ್ಟಕ್ಕೆ ತಿಂದುಹಾಕುತ್ತವೆ. ಅವು ತೋಡಿದ ಮಣ್ಣಿನ ಗುಡ್ಡೆಗೆ ತಾಗಿ ಕಟಾವು ಯಂತ್ರದ ಬ್ಲೇಡು ಹಾಳಾಗುತ್ತದೆ. ಹಾಗಾಗಿ ಕೇಳಿಕೊಂಡು ಹೋದರೆ ರೈತರು ಖುಷಿಯಿಂದ ಒಪ್ಪುತ್ತಾರೆ. ದಿನಕ್ಕೆ ನೂರಾರು ಗುಂಡು ಹೊಡೆಯುವ ಜಾಗ ಅದು. .223 ಆದರೆ ಬ್ಯಾರೆಲ್ ಬೇಗ ಕಾಯುತ್ತದೆ, ಸದ್ದೂ ಜಾಸ್ತಿ. ಹಾರ್ನೆಟ್ ಒದೆಯುವುದೇ ಇಲ್ಲ. ಗುಂಡು ಎಲ್ಲಿ ಬಿತ್ತು ಅಂತ ಸ್ಕೋಪಿನಲ್ಲೇ ಕಾಣುತ್ತದೆ.

ಅಲ್ಲಿಗೆ ತಲುಪುವ ಮೊದಲು ಹಣ ನೀರಿನಂತೆ ಹೋಯಿತು. ಶುರುವಿಗೆ 45 ಗ್ರೇನ್ (ಸುಮಾರು 3 ಗ್ರಾಂ) ತೂಕದ, ಸೀಸದ ಮೂತಿಯ ಸಾಫ್ಟ್ ಪಾಯಿಂಟ್ ಬುಲೆಟ್ ಹಾಕಿದೆ. ಒಂದೂವರೆಯಿಂದ ಎರಡು ಇಂಚು. ಅಷ್ಟು ಚಿಕ್ಕ ಪ್ರಾಣಿಗೆ ಅದು ಸಾಲುವುದಿಲ್ಲ. ಆಮೇಲೆ 40 ಗ್ರೇನಿನ ಪ್ಲಾಸ್ಟಿಕ್ ಮೂತಿಯ ಬುಲೆಟ್. ಅದು ಉದ್ದ. 527ರ ಮ್ಯಾಗಜೀನಿಗೆ ಹೊಂದಬೇಕಾದರೆ ತೀರಾ ಒಳಗೆ ಕೂರಿಸಬೇಕು. ಆಗ ಬುಲೆಟ್ಟಿನ ಬಾಗಿದ ಭಾಗವೇ ಕೇಸಿನ ಬಾಯಿಗೆ ಬರುತ್ತದೆ, ಹಿಡಿತ ಸಿಗುವುದಿಲ್ಲ. ಒಂದೊಂದೇ ತೋಟಾ ಕೈಯಿಂದ ಹಾಕಿ ಹೊಡೆದರೆ ಚೆನ್ನಾಗಿತ್ತು. ಆದರೆ ಹೊಲದಲ್ಲಿ ಕೂತು ಯಾರು ಹಾಗೆ ಮಾಡುತ್ತಾರೆ?

ಬ್ರಾಸ್‌ನದು, ಅಂದರೆ ಹಿತ್ತಾಳೆ ಕೇಸಿನದು, ಇನ್ನೊಂದು ಗೋಳು. ಹಾರ್ನೆಟ್ ಕೇಸಿನ ಕತ್ತು ಎಷ್ಟು ತೆಳು ಅಂತ ಮಾಡಿದವರಿಗೆ ಗೊತ್ತು. ಇಡೀ ಕೇಸನ್ನು ಒತ್ತುವ ಫುಲ್ ಲೆಂತ್ ಡೈಗೆ ಹಾಕಿದರೆ ನೂರಕ್ಕೆ ಏಳೆಂಟು ಮುದುಡಿಕೊಳ್ಳುತ್ತಿದ್ದವು. ಉಳಿದವು ಮೂರು ನಾಲ್ಕು ಸಲ ಲೋಡ್ ಮಾಡುವಷ್ಟರಲ್ಲಿ ಬುಡದ ಹತ್ತಿರ ಬಿಳಿ ಗೆರೆ ಬಿಟ್ಟು ಸೀಳಲು ಶುರು. ಈ ಕೇಸು ನಿಲ್ಲುವುದು ರಿಮ್ ಮೇಲೆ. ಪ್ರತಿ ಸಲ ಭುಜವನ್ನು ಹಿಂದೆ ತಳ್ಳಿದರೆ ಲೋಹ ಹಿಗ್ಗಿ ಹಿಗ್ಗಿ ಸಾಯುತ್ತದೆ, ಅಲ್ವಾ. ಅದಕ್ಕೆ ಲೀ ಕಾಲೆಟ್ ಡೈ ತಂದೆ. ಸುಮಾರು 30 ಡಾಲರ್. ಕತ್ತನ್ನು ಮಾತ್ರ ಒಳಗಿನ ಕಡ್ಡಿಗೆ ಒತ್ತುತ್ತದೆ, ಮೈ ಮುಟ್ಟುವುದಿಲ್ಲ, ಎಣ್ಣೆಯೂ ಬೇಡ. ಮುದುಡುವುದು ಅವತ್ತೇ ನಿಂತಿತು. ಕೇಸುಗಳು ಈಗ ಹತ್ತು ಹನ್ನೆರಡು ಸಲ ಬರುತ್ತಿವೆ. ಅದರೊಳಗಿನ ಕಡ್ಡಿಯನ್ನು ನಾನು ಸ್ವಲ್ಪ ಉಜ್ಜಿ ಸಣ್ಣ ಮಾಡಿಕೊಂಡಿದ್ದೇನೆ. ಎಷ್ಟು ಅಂತ ಮಾತ್ರ ಹೇಳಲ್ಲ.

ಬುಲೆಟ್ಟಿಗೆ ಉತ್ತರ ಹಾರ್ನಡಿಯ 35 ಗ್ರೇನ್ ವಿ-ಮ್ಯಾಕ್ಸ್. ಗಿಡ್ಡ, ಚಪ್ಪಟೆ ಬುಡ, ಹಾರ್ನೆಟ್‌ಗೆ ಹೇಳಿ ಮಾಡಿಸಿದ ಅಳತೆ. ಒಳಗಿನ ಸುರುಳಿ ಗೆರೆ 16 ಇಂಚಿಗೆ ಒಂದು ಸುತ್ತು ಹಾಕುವ ನನ್ನ ಬ್ಯಾರೆಲಿಗೆ ಸರಿಯಾಗಿ ಕೂತಿತು. ಪೌಡರ್ ಲಿಲ್ ಗನ್. ಪೌಡರ್ ಹೊತ್ತಿಸುವ ಪ್ರೈಮರ್ ರೆಮಿಂಗ್ಟನ್ 6½. ಇದರ ಬಟ್ಟಲು ತೆಳು, ಹಾರ್ನೆಟ್‌ನಂಥ ತೋಟಾಗಳಿಗೆ ಸರಿ. ಇದನ್ನು ಮರೆತೂ .223ಗೆ ಹಾಕಬೇಡಿ, ಆ ಒತ್ತಡ ಇದಕ್ಕೆ ತಡೆಯಲ್ಲ.

ಇಷ್ಟಾದರೂ ಗ್ರೂಪ್ ಒಂದೂಕಾಲು ಇಂಚಿಗೆ ನಿಂತುಬಿಟ್ಟಿತ್ತು. ಬುಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ನೋಡಿದರೆ ಒಂದೇ ಡಬ್ಬಿಯ ತೋಟಾಗಳ ನಡುವೆ ಸೆಕೆಂಡಿಗೆ ನೂರು ಅಡಿಗೂ ಜಾಸ್ತಿ ವ್ಯತ್ಯಾಸ. ಪೌಡರನ್ನು ಒಂದೊಂದಾಗಿ ತೂಗಿದರೂ ಅಷ್ಟೇ. ತೆಳು ಕತ್ತು, ಹಗುರ ಬುಲೆಟ್. ಪೌಡರ್ ಸರಿಯಾಗಿ ಹೊತ್ತಿಕೊಳ್ಳುವ ಮೊದಲೇ ಬುಲೆಟ್ ಹೊರಟುಹೋಗುತ್ತಿದೆ ಅನ್ನಿಸಿತು. ಹಿಡಿತ ಬೇಕು, ಹಾಗಾದರೆ ಕ್ರಿಂಪ್ ಹಾಕೋಣ, ಅಂದರೆ ಕೇಸಿನ ಬಾಯಿಯನ್ನು ಬುಲೆಟ್ ಮೇಲೆ ಒತ್ತೋಣ ಅಂದೆ.

ಇಲ್ಲೇ ಎಲ್ಲರೂ ತಲೆ ಅಲ್ಲಾಡಿಸಿದ್ದು. ವಿ-ಮ್ಯಾಕ್ಸ್ ಮೈಮೇಲೆ ಕ್ರಿಂಪಿಗೆ ಗೆರೆಯೇ ಇಲ್ಲ, ತೆಳು ಜಾಕೆಟ್ ಹಿಚುಕಿ ಹಾಳಾಗುತ್ತದೆ ಅಂದರು. ಅವರ ಮಾತಿನಲ್ಲಿ ಸ್ವಲ್ಪ ನಿಜ ಇತ್ತು. ಗಟ್ಟಿಯಾಗಿ ಒತ್ತಿದವು ಎರಡು ಇಂಚಿಗೆ ಹರಡಿದವು. ಒಂದನ್ನು ಎಳೆದು ನೋಡಿದೆ, ಬುಲೆಟ್ ಸೊಂಟದಲ್ಲಿ ಉಗುರಿಗೆ ಸಿಗುವಷ್ಟು ತಗ್ಗು. ಡೈಯನ್ನು ಸ್ವಲ್ಪ ಸ್ವಲ್ಪವೇ ಸಡಿಲ ಮಾಡುತ್ತಾ ಬಂದೆ. ತಗ್ಗು ಕಾಣಬಾರದು, ಬೆಳಕಿಗೆ ಹಿಡಿದರೆ ತೆಳು ಹೊಳಪಿನ ಗೆರೆ ಮಾತ್ರ ಇರಬೇಕು. ಅಲ್ಲಿಗೆ ಬಂದಾಗ ವೇಗದ ವ್ಯತ್ಯಾಸ 40 ಅಡಿ ಹತ್ತಿರಕ್ಕೆ ಇಳಿಯಿತು. ಗ್ರೂಪ್ ಮುಕ್ಕಾಲು ಇಂಚು, ಬುಲೆಟ್ ಕೂರಿಸುವ (ಸೀಟಿಂಗ್) ಆಳ ತಿದ್ದಿದ ಮೇಲೆ 0.6. ಕ್ರಿಂಪ್ ಡೈಗೆ ಕೊಟ್ಟದ್ದು ಬರೀ 20 ಡಾಲರ್ ಚಿಲ್ಲರೆ. ಅದಕ್ಕೂ ಮುಂಚೆ ಮೈಕ್ರೋಮೀಟರ್ ಸೀಟಿಂಗ್ ಡೈಗೆ ನೂರೈವತ್ತು ಸುರಿದಿದ್ದೆ, ಗ್ರೂಪ್ ಕೂದಲಷ್ಟೂ ಕದಲಿರಲಿಲ್ಲ. ಕ್ರಿಂಪ್ ಹಾಕುವವರು ಎಲ್ಲ ಕೇಸುಗಳನ್ನೂ ಒಂದೇ ಉದ್ದಕ್ಕೆ ಕತ್ತರಿಸಿಕೊಳ್ಳಿ. ಇಲ್ಲದಿದ್ದರೆ ಒಂದು ಬಿಗಿ, ಒಂದು ಸಡಿಲ.

ದುಡ್ಡಿನ ಲೆಕ್ಕ ಅಂದಾಜಿಗೆ ಹೇಳುತ್ತೇನೆ. ಬುಲೆಟ್ 27 ಸೆಂಟ್, ಪ್ರೈಮರ್ ಎಂಟೋ ಹತ್ತೋ, ಪೌಡರ್ ಒಂಬತ್ತು ಹತ್ತು. ಒಂದು ಪೌಂಡ್ ಪೌಡರಿಗೆ 500ಕ್ಕೂ ಮೇಲೆ ತೋಟಾ ಬರುತ್ತವೆ, .223ಗೆ ಅದರ ಅರ್ಧ. ಎಲ್ಲ ಸೇರಿ ಗುಂಡಿಗೆ ಅರ್ಧ ಡಾಲರ್ ಒಳಗೇ. ಅಂಗಡಿಯ ಹಾರ್ನೆಟ್ ತೋಟಾ ಒಂದಕ್ಕೆ ಒಂದು ಡಾಲರ್ ದಾಟಿದೆ, ಅದೂ ಸಿಕ್ಕರೆ. 2021ರ ಬರದಲ್ಲಿ ಸಾವಿರ ಪ್ರೈಮರಿಗೆ ನೂರು ಡಾಲರ್ ಮೇಲೆ ಕೇಳುತ್ತಿದ್ದರು. ಸಿಕ್ಕಾಗ ತುಂಬಿಸಿಟ್ಟುಕೊಳ್ಳಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಕೇಸುಗಳನ್ನು ತೂಗಿ ವಿಂಗಡಿಸಿದೆ, ವಾರಾಂತ್ಯಗಳು ಹಾಳಾದವು, ಗ್ರೂಪ್ ಅದೇ. ಕೇಸಿನ ಕತ್ತಿಗೆ ಬೆಂಕಿ ಕೊಟ್ಟು ಅನೀಲ್ ಮಾಡಿದೆ, ಅಂದರೆ ಲೋಹ ಮೆತ್ತಗಾಗಿಸಿದೆ. ಕೇಸಿನ ಆಯಸ್ಸು ಹೆಚ್ಚಾಯಿತು, ಗುರಿಗೆ ಲಾಭ ಕಾಣಲಿಲ್ಲ.

ಮನಸ್ಸಿಗೆ ಹತ್ತಿರವಾದ ಪ್ರಯೋಗ ಸೀಸ ಇಲ್ಲದ ಬುಲೆಟ್. ಸತ್ತ ಅಳಿಲನ್ನು ತಿನ್ನಲು ಗಿಡುಗ, ಹದ್ದು ಬರುತ್ತವೆ. ವಿ-ಮ್ಯಾಕ್ಸ್ ಒಳಗೇ ಚೂರುಚೂರಾಗುವುದರಿಂದ ಸೀಸದ ಪುಡಿ ಅವುಗಳ ಹೊಟ್ಟೆ ಸೇರುತ್ತದೆ. ರೈತನಿಗೆ ಸಹಾಯ ಮಾಡಲು ಹೋಗಿ ಹದ್ದಿಗೆ ವಿಷ ಇಟ್ಟು ಬರುವುದು ನನಗೆ ಒಪ್ಪಿಗೆಯಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಹಾಕುವಂತೆಯೇ ಇಲ್ಲ. ಬಾರ್ನ್ಸ್‌ನವರ 30 ಗ್ರೇನ್ ವರ್ಮಿಂಟ್ ಗ್ರೆನೇಡ್ ಒಳಗೆ ಇರುವುದು ತಾಮ್ರ ಮತ್ತು ತವರದ ಪುಡಿ. ಬೆಲೆ ಜಾಸ್ತಿ, ಗಾಳಿಗೆ ಬೇಗ ಸರಿಯುತ್ತದೆ. ಸದ್ಯಕ್ಕೆ ಒಂದು ಇಂಚಿನ ಆಸುಪಾಸು ಬಂದಿದೆ. 120 ಗಜದವರೆಗೆ ಅಷ್ಟು ಸಾಕು. ವಿ-ಮ್ಯಾಕ್ಸ್‌ನ ಕ್ರಿಂಪ್ ಸೆಟ್ಟಿಂಗ್ ಇದಕ್ಕೆ ಆಗುವುದಿಲ್ಲ, ಇನ್ನೂ ಸಡಿಲ ಬೇಕು. ಪೌಡರೂ ಬೇರೆ ಕೇಳುತ್ತದೆಯೋ ಅಂತ ನೋಡಲು ಎಚ್110 ಒಂದು ಡಬ್ಬಿ ತಂದಿಟ್ಟಿದ್ದೇನೆ.